ಐದನೇ ಘಟಕ

"ಇಷ್ಟೆಲ್ಲಾ ಹನ್ನೆರಡ ದಿನದಾಗ ಹೆಂಗ ಹಿಡಸ್ಲಿ?"

ರಿಹಾನ ಕೇಳಿದ್ದು ಯಾರನ್ನೂ ಅಲ್ಲ. ಸ್ಟಾಫ್ ರೂಮಿನಲ್ಲಿ ಅವಳೊಬ್ಬಳೇ ಇದ್ದಳು. ಮೇ ತಿಂಗಳ ರಜೆ. ಮುಂಬಯಿಯ ಸಯನ್ನಿನ ಆ ಕಾಲೇಜಿನ ಮೂರನೇ ಮಹಡಿಯಲ್ಲಿ ಕಪಾಟುಗಳಿಗೆಲ್ಲ ಬೀಗ, ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲು ಮೇಲೆತ್ತಿ ಕುಳಿತಿದ್ದವು. ಒಂದು ಮೂಲೆಯ ಧೂಳು ಒರೆಸಿಕೊಂಡು ಅವಳು ಎರಡು ಕಾಗದ ಹರಡಿಕೊಂಡಿದ್ದಳು. ಎಡಗಡೆ ಸಂಖ್ಯಾಶಾಸ್ತ್ರದ ಪಠ್ಯಕ್ರಮ, ಐದು ಘಟಕ. ಬಲಗಡೆ ವೇಳಾಪಟ್ಟಿ, ಹನ್ನೆರಡು ಚೌಕ.

ಎರಡು ಸೆಮಿಸ್ಟರುಗಳ ನಡುವಿನ ರಜೆಯಲ್ಲಿ ನಡೆಯುವ ಈ ಕಿರು ಕೋರ್ಸಿಗೆ ವಿಶ್ವವಿದ್ಯಾಲಯದವರು ಉದ್ದನೆಯ ಹೆಸರೊಂದನ್ನು ಇಟ್ಟಿದ್ದರು. ಹುಡುಗರು ಮಾತ್ರ ಅದನ್ನು 'ಫಟಾಫಟ್' ಎಂದೇ ಕರೆಯುತ್ತಿದ್ದರು. ಎಲ್ಲ ಮುಗಿದು ಒಂದೇ ಒಂದು ವಿಷಯದಲ್ಲಿ ಸಿಕ್ಕಿಬಿದ್ದು ಪದವಿ ನಿಂತುಹೋದವರಿಗೆ ಇದೊಂದು ಬಾಗಿಲು. ಮಾಮೂಲಿ ಸೆಮಿಸ್ಟರಿನಲ್ಲಿ ವಾರಕ್ಕೆ ನಾಲ್ಕು ತಾಸಿನಂತೆ ಹದಿನೈದು ವಾರ. ಇಲ್ಲಿ ದಿನಕ್ಕೆ ಐದು ತಾಸಿನಂತೆ ಹನ್ನೆರಡು ದಿನ. ಅಲ್ಲೂ ಅರವತ್ತು ತಾಸು, ಇಲ್ಲೂ ಅರವತ್ತು ತಾಸು. ಕಾಗದದ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ. ಆದರೆ ಹದಿನೈದು ವಾರಗಳಲ್ಲಿ ನೂರು ರಾತ್ರಿಗಳಿರುತ್ತವೆ. ಕೇಳಿದ ಮಾತು ಹೊಟ್ಟೆಗೆ ಇಳಿಯಬೇಕಾದರೆ ಒಂದು ರಾತ್ರಿ ಅದರ ಜೊತೆ ಮಲಗಿ ಏಳಬೇಕು. ಅದು ರಿಹಾನಳಿಗೆ ಚಿಕ್ಕಂದಿನಿಂದ ಗೊತ್ತು.

ಗೊತ್ತಾದದ್ದು ಅಬ್ಬಾನಿಂದ. ಅವಳ ತಂದೆ ಲಾಲಸಾಬ ಇಂಡಿ ತಾಲೂಕಿನ ಕಡೆಯಿಂದ ಬಂದು ಜೋಗೇಶ್ವರಿಯ ಒಂದು ಸಣ್ಣ ಕಾರಖಾನೆಯಲ್ಲಿ ಲೇಥ್ ಮಶೀನಿನ ಮುಂದೆ ಮೂವತ್ತು ವರ್ಷ ನಿಂತವನು. ಹಗಲು ಕಬ್ಬಿಣ, ಸಂಜೆ ಪದ. ಮೊಹರಮ್ಮಿಗೆ ಒಂದು ತಿಂಗಳಿದೆ ಎನ್ನುವಾಗ ಅವನ ಚಾಳಿನ ಖೋಲಿಗೆ ಏಳೆಂಟು ಜನ ಬರತೊಡಗುತ್ತಿದ್ದರು. ಗೌಂಡಿಗಳು, ಹಮಾಲರು, ಬಣ್ಣ ಹಚ್ಚುವವರು. ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ ಪದಗಳನ್ನು ಅವನಿಂದ ಕಲಿಯಲು. ಕಾಗದವಿಲ್ಲ, ಪೆನ್ನಿಲ್ಲ. ಲಾಲಸಾಬ ಪದದ ಒಂದು ನುಡಿ, ಅಂದರೆ ಒಂದು ಚರಣ, ಹೇಳಿ ಬಾಯಿ ಮುಚ್ಚಿಬಿಡುತ್ತಿದ್ದ. ಅದನ್ನು ಮನೆಗೆ ಒಯ್ದು, ಮರುದಿನ ತಂದು ಅವನಿಗೆ ತಿರುಗಿ ಕೊಡಬೇಕು. ಕೊಟ್ಟರೆ ಮುಂದಿನ ನುಡಿ, ತಪ್ಪಿದರೆ ಮತ್ತೆ ಅದೇ. ಪರದೆಯ ಆಚೆ, ಒಲೆಯ ಪಕ್ಕದಲ್ಲಿ ಮೊಣಕಾಲು ಅಪ್ಪಿಕೊಂಡು ಕುಳಿತು ರಿಹಾನ ಕೇಳುತ್ತಿದ್ದಳು. ಮೊದಲ ಹತ್ತು ದಿನ ಬರೀ ಒಂದೊಂದು ನುಡಿ, ಜೀವ ಬೇಸರವಾಗುವಷ್ಟು ನಿಧಾನ. ಆಮೇಲೆ ಏನೋ ಕಟ್ಟೆ ಒಡೆದ ಹಾಗೆ ದಿನಕ್ಕೆ ಐದು, ಹತ್ತು, ಹದಿನೈದು. ಚಂದ್ರ ಕಾಣುವ ಹೊತ್ತಿಗೆ ನೂರು ನುಡಿ ಎಲ್ಲೂ ಎಡವದೆ ಹರಿದು ಬರುತ್ತಿತ್ತು. ಬುಡ ಗಟ್ಟಿಯಾದರೆ ಮೇಲಿನದಕ್ಕೆ ಬೇರೆ ದುಡಿಯಬೇಕಾಗಿಲ್ಲ ಎಂದು ಆ ಹುಡುಗಿ ಅಂದುಕೊಂಡಳು. ಗಣಿತದಲ್ಲಿ ಎಂ.ಎಸ್ಸಿ. ಮಾಡುವಾಗಲೂ ಹಾಗೆಯೇ ಓದಿದಳು. ಒಂಬತ್ತು ವರ್ಷದಿಂದ ತಾಸಿನ ಲೆಕ್ಕದ ಉಪನ್ಯಾಸಕಿಯಾಗಿ ಹಾಗೆಯೇ ಕಲಿಸಿದಳು. ಮಾಮೂಲಿ ಸೆಮಿಸ್ಟರಿನಲ್ಲಿ ಅವಳ ಮಕ್ಕಳಿಗೆ ಬಂದದ್ದು ಯಾವತ್ತೂ ಹೋಗಿರಲಿಲ್ಲ.

"ಎಂತ ರಿಹಾನ, ಗೋಡೆ ಹತ್ರ ಮಾತಾಡ್ಲಿಕ್ಕೆ ಶುರು ಮಾಡಿದ್ದಾ?"

ಬಾಗಿಲಲ್ಲಿ ಶೀಲಾವತಿ ಮೇಡಂ. ಕೋರ್ಸುಗಳ ವೇಳಾಪಟ್ಟಿ ನೋಡಿಕೊಳ್ಳುವವರು. ಉಡುಪಿ ಕಡೆಯವರು, ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ಮಾತಿನಲ್ಲಿ ಸಮುದ್ರದ ಗಾಳಿ ಹೋಗಿರಲಿಲ್ಲ. ಕೈಯಲ್ಲಿ ಒಂದು ಸುತ್ತೋಲೆ ಇತ್ತು.

"ಇದು ಓದು. ಈ ಸಲ ಹೊಸ ರೂಲ್. ಒಟ್ಟು ನಲವತ್ತು ಬಂದ್ರೆ ಸಾಕಾಗುದಿಲ್ಲ. ಒಂದೊಂದು ಯೂನಿಟ್‌ನಲ್ಲೂ ಇಪ್ಪತ್ತಕ್ಕೆ ಎಂಟು ಬರ್ಲೇಬೇಕು. ಒಂದರಲ್ಲಿ ಏಳು ಬಂದ್ರೂ ಫೇಲ್."

"ಯಾಕ್ರಿ ಹಂಗ?"

"ಹೋದ ವರ್ಷ ಯಾರೋ ಅರ್ಧ ಸಿಲೆಬಸ್ ಕಲಿಸಿ ಪಾಸ್ ಮಾಡಿಸಿದ್ರಂತೆ. ಕೌನ್ಸಿಲ್‌ನಲ್ಲಿ ದೊಡ್ಡ ಗಲಾಟೆ. ಕ್ವಾಲಿಟಿ ಅಂತೆ, ಕ್ವಾಲಿಟಿ."

"ಛಲೋನ ಆತಲ್ಲ."

"ಎಂತ ಛಲೋ ಮಾರಾಯ್ತಿ! ಕ್ವಾಲಿಟಿ ಜಾಸ್ತಿ ಮಾಡಿದ್ರು, ದಿನ ಜಾಸ್ತಿ ಮಾಡಿದ್ರಾ?" ಶೀಲಾವತಿ ಒಂದು ಕುರ್ಚಿಯನ್ನು ಇಳಿಸಿ ಕುಳಿತರು. "ನಾನು ಹೇಳುದು ಕೇಳು. ಐದೂ ಯೂನಿಟ್ ಮೇಲೆ ಮೇಲೆ ಮುಟ್ಟಿಸಿಕೊಂಡು ಹೋಗು. ಇದೇ ಕೋರ್ಸಿನ ಬಿ ಡಿವಿಜನ್‌ನವರು ಇಪ್ಪತ್ತು ಪುಟದ ನೋಟ್ಸ್ ಮಾಡಿಟ್ಟಿದ್ದಾರೆ. ಝೆರಾಕ್ಸ್ ತೆಗೆಸಿ ಹಂಚಿಬಿಡು."

"ಮುಟ್ಟಿಸಿದ್ದು ನಿಂದ್ರೂದಿಲ್ರಿ ಮೇಡಂ."

"ನಿಲ್ಲುದು ಯಾರಿಗೆ ಬೇಕು? ಪಾಸಾಗ್ಲಿ ಸಾಕು."

ರಿಹಾನ ನಕ್ಕಳು. ಅವರು ಹೋದ ಮೇಲೆ ಪೆನ್ಸಿಲ್ ತೆಗೆದು ಚೌಕಗಳನ್ನು ತುಂಬಿದಳು. ಮೊದಲ ಎರಡು ಘಟಕಗಳಿಗೆ ಏಳು ದಿನ. ಮೂರನೆಯದಕ್ಕೆ ಮೂರು. ನಾಲ್ಕು ಮತ್ತು ಐದಕ್ಕೆ ಒಂದೊಂದು. ಒಮ್ಮೆಯೂ ರಬ್ಬರ್ ಮುಟ್ಟಲಿಲ್ಲ.

*

ಸೋಮವಾರ ಇಪ್ಪತ್ಮೂರು ಜನ ಬಂದರು. ಬೋರ್ಡಿನ ಮೇಲೆ ಒಂದು ಅಕ್ಷರ ಬರೆಯುವ ಮೊದಲೇ ರಿಹಾನ ತನ್ನ ಕಟ್ಟಳೆ ಹೇಳಿದಳು. ದಿನಾ ಬೆಳಗ್ಗೆ ನಿನ್ನೆಯ ಪಾಠವನ್ನು ನನಗೆ ತಿರುಗಿ ಕೊಡಬೇಕು. ಪುಸ್ತಕ ಮುಚ್ಚಿ, ನಿಮ್ಮ ನಿಮ್ಮ ಮಾತಿನಲ್ಲಿ, ಹಿಂದಿಯೋ ಮರಾಠಿಯೋ ಏನಾದರೂ ಸರಿ. ಎಲ್ಲರೂ ಕೊಟ್ಟ ಮೇಲೆಯೇ ಮುಂದಿನದು.

ಹಿಂದಿನ ಬೆಂಚಿನಲ್ಲಿ ಊಟ ತಲುಪಿಸುವ ಕಂಪನಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಹುಡುಗನ ಹೆಸರು ಶ್ರೀಮಂತ. ಮೇಡಂ ಹಾಜರಿ ಕೂಗಿದ ಧಾಟಿಯಲ್ಲೇ ಅವನಿಗೆ ಅವರ ಊರಿನ ಕಡೆ ತಿಳಿದುಹೋಗಿತ್ತು.

"ಮ್ಯಾಡಮ್, ಇಪ್ಪತ್ಮೂರ ಮಂದಿ ತಿರುಗಿ ಕೊಡೂ ಮಟಾ ದಿವಾಳಿ ಬರ್ತೈತ್ರಿ."

"ನೀ ಮೊದಲ ಕೊಡು, ದಸರಾಕ್ಕ ಮುಗಸೂಣು."

ಕನ್ನಡ ಬಲ್ಲ ನಾಲ್ಕು ಜನ ನಕ್ಕರು. ಮಿಕ್ಕವರು 'ಕ್ಯಾ ಬೋಲಾ, ಕ್ಯಾ ಬೋಲಾ' ಎಂದು ಅವರನ್ನು ತಿವಿದರು. ನಕ್ಕವರಲ್ಲಿ ಮುಂದಿನ ಬೆಂಚಿನ ಒಬ್ಬ ಹುಡುಗಿ ಇದ್ದಳು, ಮಹಾದೇವಿ. ಇಪ್ಪತ್ಮೂರು ವಯಸ್ಸು, ಎಣ್ಣೆ ಹಚ್ಚಿ ಬಿಗಿದ ಜಡೆ, ಬೆರಳ ತುದಿಗಳೆಲ್ಲ ಒರಟು.

ಬೆರಳು ಯಾಕೆ ಒರಟು ಎಂದು ಅಂದೇ ಮಧ್ಯಾಹ್ನ ತಿಳಿಯಿತು. ಸಯನ್ನಿನಿಂದ ದಾದರಿಗೆ, ದಾದರಿನಲ್ಲಿ ಬ್ರಿಜ್ ಹತ್ತಿ ಇಳಿದು ಇನ್ನೊಂದು ಲೈನಿನ ಲೋಕಲ್ಲಿಗೆ. ಲೇಡೀಸ್ ಡಬ್ಬಿಯಲ್ಲಿ ನೋಡಿದರೆ ಇಬ್ಬರೂ ಜೋಗೇಶ್ವರಿಯವರೇ.

"ಅಕ್ಕೋರ, ನಾ ಅಲ್ಲೇ ಗುಳಗಿ ಕಂಪನಿಯಾಗ ಪ್ಯಾಕಿಂಗ್ ಮಾಡ್ತೀನ್ರಿ. ಈ ಹನ್ನೆರಡು ದಿವ್ಸ ಎರಡನೇ ಪಾಳಿ ಹಾಕಿಸ್ಕೊಂಡೀನಿ. ಮೂರಕ್ಕ ಮುಟ್ಟಬೇಕು."

ಮಹಾದೇವಿಯ ತಂದೆ ಗುರಲಿಂಗಪ್ಪ ಆಳಂದದ ಕಡೆಯವನು, ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟುವ ಕೆಲಸ. ಮಗಳು ನಾಲ್ಕು ವರ್ಷ ಗುಳಿಗೆಗಳನ್ನು ಪಟ್ಟಿಗೆ ಜೋಡಿಸುತ್ತ ಬಿ.ಎಸ್ಸಿ. ಮುಗಿಸಿದ್ದಳು. ಮುಗಿಸಿದ್ದಳು ಎಂದರೆ ಈ ಒಂದು ವಿಷಯ ಬಿಟ್ಟು. ಕಂಪನಿಯ ಲ್ಯಾಬಿನಲ್ಲಿ ಗುಳಿಗೆ ಪರೀಕ್ಷೆ ಮಾಡುವ ಒಂದು ಜಾಗ ಖಾಲಿಯಾಗಿತ್ತು. ಪ್ಯಾಕಿಂಗ್ ಮೇಜಿನಿಂದಲೇ ಯಾರನ್ನಾದರೂ ಮೇಲಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಮಾಲೀಕ ಹೇಳಿದ್ದ. ಅಲ್ಲಿ ಓದಿದವರು ಇಬ್ಬರೇ: ಮಹಾದೇವಿ, ಯಕ್ಷಿತಾ. ಇಬ್ಬರೂ ಇದೇ ವಿಷಯದಲ್ಲಿ ನಿಂತವರು. ಯಕ್ಷಿತಾ ಬಿ ಡಿವಿಜನ್ನಿನಲ್ಲಿ ಕುಳಿತಿದ್ದಳು. ಜೂನ್ ಮುಗಿಯುವುದರೊಳಗೆ ಯಾರು ಮಾರ್ಕ್ಸ್ ಕಾರ್ಡ್ ತಂದು ತೋರಿಸುತ್ತಾರೋ ಅವರಿಗೆ ಜಾಗ.

"ಇಬ್ರೂ ತಂದ್ರ?" ರಿಹಾನ ಕೇಳಿದಳು.

"ಇಬ್ರೂ ತಂದ್ರ ನನಗರಿ. ನಾ ಸೀನಿಯರ್." ಮಹಾದೇವಿ ಕಂಬಿ ಹಿಡಿದು ನಿಂತಲ್ಲೇ ನಕ್ಕಳು. "ಅಲ್ಲಿ ಕುಂತು ಕೆಲಸ ಮಾಡೋದದ ಅಕ್ಕೋರ. ನಾಕ ವರ್ಷ ಆತು, ದಿನಾ ಎಂಟ ತಾಸ ನಿಂತs ಇರ್ತೀನಿ."

"ತರ್ತೀ ತಗೋ. ಒಂದಿನಾನೂ ತಪ್ಪಸಬ್ಯಾಡ. ಬಾಕಿದ್ದು ನನ್ನ ಮ್ಯಾಲೆ ಬಿಡು."

ಮಹಾದೇವಿ ಬಿಟ್ಟಳು. ಒಂದು ದಿನವೂ ತಪ್ಪಿಸಲಿಲ್ಲ.

*

ತಿರುಗಿ ಕೊಡುವುದರಲ್ಲೇ ದಿನಾ ಎರಡು ತಾಸು ಹೋಗುತ್ತಿತ್ತು. ಯಾರಾದರೂ ತಡವರಿಸಿದರೆ ರಿಹಾನ ಬಾಯಿ ಹಾಕುತ್ತಿರಲಿಲ್ಲ; ಕಣ್ಣು ಮುಚ್ಚಿ ಕಾಯುತ್ತಿದ್ದಳು. ಕೇಳುವುದು ಅವಳಿಗೆ ನಮಾಜಿನಷ್ಟೇ ಶ್ರದ್ಧೆಯ ಕೆಲಸ. ಮೂರನೇ ದಿನದ ಹೊತ್ತಿಗೆ ಹುಡುಗರಿಗೂ ಅದರ ರುಚಿ ಹತ್ತಿತು. ಒಬ್ಬನಿಗೆ ತಪ್ಪಿದರೆ ಪಕ್ಕದವಳು ಹಿಡಿದು ಮುಂದುವರಿಸುತ್ತಿದ್ದಳು. ಶ್ರೀಮಂತ ಮಾತ್ರ ಗಡಿಯಾರ ನೋಡುತ್ತಿದ್ದ.

"ಮ್ಯಾಡಮ್, ಇದು ಎಗ್ಝಾಮಿಗೆ ಬರ್ತೈತೇನ್ರಿ?"

"ನಿನಗ ಬಂದ್ರ ಎಗ್ಝಾಮಿಗೂ ಬರ್ತೈತಿ."

ನಾಲ್ಕನೇ ದಿನ ಎರಡನೇ ಘಟಕ ಹಿಡಿದಳು. ಹತ್ತು ಗುಳಿಗೆಗಳ ತೂಕ ಬೋರ್ಡಿನ ಮೇಲೆ ಬರೆದು ಸರಾಸರಿ ತೆಗೆಸಿದಳು. ಸರಿಯಾಗಿ ಐನೂರು ಮಿಲಿಗ್ರಾಂ ಬಂತು. ಹಾಗಾದರೆ ಗುಳಿಗೆ ಸರಿ ಇದೆಯೇ ಎಂದು ಕೇಳಿದಳು. ಇಪ್ಪತ್ತೆರಡು ಬಾಯಿ ಹೌದು ಎಂದವು.

ಮಹಾದೇವಿ ಎದ್ದು ನಿಂತಳು. "ಇಲ್ರಿ. ಒಂದು ಆರನೂರ ಅದ, ಒಂದು ನಾಕನೂರ ಅದ. ಸರಾಸರಿ ಬರೋಬರಿ ಬಂತು. ಆದ್ರ ನಾಕನೂರಿನ ಗುಳಗಿ ನುಂಗಿದಾಂವಗ ಜ್ವರ ಇಳಿಯಾಂಗಿಲ್ಲ, ಆರನೂರಿನಂವಗ ಹೊಟ್ಟಿ ಕೆಡ್ತದ. ಸರಾಸರಿನ ಯಾರೂ ನುಂಗಾಂಗಿಲ್ರಿ. ಒಂದ ಗುಳಗಿ ನುಂಗ್ತಾರ."

ತಲೆಗಳೆಲ್ಲ ಅವಳ ಕಡೆ ತಿರುಗಿದವು. ಶ್ರೀಮಂತ ಕೂಡ ಗಡಿಯಾರ ಬಿಟ್ಟು ಅವಳನ್ನು ನೋಡಿದ. ರಿಹಾನ ಆ ದಿನ ಸೂತ್ರ ಬರೆಯಲೇ ಇಲ್ಲ. ಸರಾಸರಿಯಿಂದ ಒಂದೊಂದು ಗುಳಿಗೆ ಎಷ್ಟು ದೂರ ಸರಿದಿದೆ ಎಂದು ಹುಡುಗರೇ ಲೆಕ್ಕ ಹಾಕುತ್ತ ಹಾಕುತ್ತ ಸೂತ್ರವನ್ನು ತಾವಾಗಿಯೇ ಕಟ್ಟಿದರು. ಮೂರು ತಾಸು ಹಿಡಿಯಿತು. ಬಿ ಡಿವಿಜನ್ನಿನಲ್ಲಿ ಅದು ಇಪ್ಪತ್ತು ನಿಮಿಷದ ಪಾಠ.

ಎರಡನೇ ವಾರದ ಬುಧವಾರ ಶೀಲಾವತಿ ಮೇಡಂ ಕಾರಿಡಾರಿನಲ್ಲಿ ಅಡ್ಡ ನಿಂತರು.

"ದಿನದ ಪಾಠ ಆನ್‌ಲೈನ್‌ನಲ್ಲಿ ತುಂಬಿಸ್ತೀಯಲ್ಲ, ನಾನು ನೋಡಿದೆ. ಇನ್ನೂ ಮೂರನೇ ಯೂನಿಟ್‌ನಲ್ಲಿ ಎಂತ ಮಾಡ್ತಿದ್ದೀ? ಬಿ ಡಿವಿಜನ್‌ನವರೆಲ್ಲ ಮುಗಿಸಿ ರಿವಿಜನ್‌ಗೆ ಕೂತಿದ್ದಾರೆ."

"ಈಗ ಓಡ್ತೈತ್ರಿ ಮೇಡಂ. ಮಕ್ಕಳು ತಯಾರಾಗ್ಯಾರ."

"ಓಡಿದ್ರೆ ಒಳ್ಳೇದು. ನನಗೆ ಹೆದರಿಕೆ ಆಗ್ತದೆ."

*

ಗುರುವಾರ ಸಂಜೆ ಮಗರಿಬ್ ನಮಾಜು ಮುಗಿಸಿ ರಿಹಾನ ಚಾಪೆ ಮಡಿಸಿದಳು. ಅವಳ ತಾಯಿ ದೌಲತಬಿ ಬಾಗಿಲ ಬಳಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೂರು ಘಟಕ ಅಂದು ಮಧ್ಯಾಹ್ನವಷ್ಟೇ ಮುಗಿದಿದ್ದವು. ನಾಲ್ಕನೆಯದರ ಮೊದಲ ಮಾತನ್ನು ಮಧ್ಯಾಹ್ನದ ಕೊನೆಯ ಅರ್ಧ ತಾಸಿನಲ್ಲಿ ಹೇಳಿ ನೋಡಿದ್ದಳು. ಈಗ ಹುಡುಗರು ಓಡುತ್ತಾರೆ ಎಂದುಕೊಂಡಿದ್ದಳು. ಅವರು ಮೊದಲ ದಿನ ಕುಳಿತ ಹಾಗೆಯೇ ಕುಳಿತಿದ್ದರು. ಹೊಸದು ಹೊಸದಾಗಿಯೇ ಇತ್ತು.

"ಅಮ್ಮಾ, ಅಬ್ಬಾನ ಮಂದಿ ಹತ್ತ ದಿನ ಆದಮ್ಯಾಲೆ ಓಡತಿದ್ರಲ್ಲ. ನಮ್ಮ ಮಕ್ಕಳು ಯಾಕ ಓಡವಲ್ರು?"

"ಎಲ್ಲಿ ಓಡತಿದ್ರು?"

"ರಿವಾಯತ ಕಲಿಯಾಕ ಬರ್ತಿದ್ರಲ್ಲ. ಮೊದಲ ಒಂದೊಂದ ನುಡಿ. ಆಮ್ಯಾಲೆ ದಿನಾ ಹದಿನೈದು. ನಾ ಇಲ್ಲೇ ಕುಂತು ಕೇಳೇನಿ."

ದೌಲತಬಿ ಮೊರ ಕೆಳಗಿಟ್ಟಳು. ಮಗಳ ಮುಖವನ್ನು ಒಂದು ಕ್ಷಣ ನೋಡಿ ನಗತೊಡಗಿದಳು.

"ಅಯ್ಯ ಹುಚ್ಚಿ! ಹೊಸಾವು ಮೊದಲಿನ ಹತ್ತ ನುಡಿ ಅಷ್ಟs. ಮುಂದಿನವೆಲ್ಲಾ ಹ್ವಾದ ವರ್ಷದ್ದು, ಅದರ ಹಿಂದಿನ ವರ್ಷದ್ದು. ಅವರಿಗೆ ಬರ್ತಿದ್ವು. ಸುಮ್ಮ ಮೆಲಕ ಹಾಕತಿದ್ರು. ನಿಮ್ಮಬ್ಬಾ ವರ್ಷಕ್ಕ ಹತ್ತ ನುಡಿಕಿಂತ ಹೆಚ್ಚಿಗಿ ಯಾವತ್ತೂ ಕಲಿಸಿದಾಂವ ಅಲ್ಲ. ಆ ಬಣ್ಣದ ಚನ್ನಬಸಯ್ಯ ನೂರ ನುಡಿ ಕಲಿಯಾಕ ಹನ್ನೊಂದ ಮೊಹರಮ್ ತಗೊಂಡ."

"ಹನ್ನೊಂದ ವರ್ಷ?"

"ಹೂಂ ಮತ್ತ. ನೀ ಮ್ಯಾಲಿಂದ ಮ್ಯಾಲೆ ಕೇಳಿದ್ದಿ, ಸಣ್ಣಾಕಿ. ಯಾವುದು ಹೊಸಾದು, ಯಾವುದು ಹಳೇದು ನಿನಗೇನ ತಿಳೀತಿತ್ತು, ಬೇಟಾ?"

ರಿಹಾನ ಚಾಪೆಯನ್ನು ಹಿಡಿದುಕೊಂಡೇ ನಿಂತಳು. ಹೊರಗೆ ಯಾರದೋ ಕುಕ್ಕರ್ ಸೀಟಿ ಹೊಡೆಯಿತು. ಮೂವತ್ತು ವರ್ಷ ಕಿವಿಯಲ್ಲಿ ಇಟ್ಟುಕೊಂಡು ತಿರುಗಿದ ಒಂದು ನಂಬಿಕೆ, ಅದರ ಮೇಲೆ ಇಪ್ಪತ್ಮೂರು ಜನರನ್ನು ಕೂರಿಸಿದ್ದಳು. ಅದರ ಕೆಳಗೆ ಏನೂ ಇರಲಿಲ್ಲ. ಅವಳ ಕೈಯಲ್ಲಿ ಇನ್ನು ಉಳಿದದ್ದು ಎರಡು ದಿನ, ಎರಡು ಘಟಕ.

"ಯಾಕ, ಏನಾತು?" ದೌಲತಬಿಯ ನಗು ನಿಂತಿತು.

"ಏನಿಲ್ಲ. ಅಕ್ಕಿ ಆರಿಸು."

*

ಶುಕ್ರವಾರ ಬೆಳಗ್ಗೆ ಎಂಟಕ್ಕೇ ಅವಳು ಶೀಲಾವತಿ ಮೇಡಂ ಅವರ ಕೋಣೆಯಲ್ಲಿದ್ದಳು.

"ನಾಕ ದಿನ ಕೊಡ್ರಿ ಮೇಡಂ. ಪರೀಕ್ಷಾ ಶುಕ್ರವಾರಕ್ಕ ಹಾಕ್ರಿ. ಸಂಬಳ ಬ್ಯಾಡ, ಏನೂ ಬ್ಯಾಡ. ತಪ್ಪು ನಂದೈತಿ."

ಶೀಲಾವತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಗೋಡೆಗೆ ಅಂಟಿಸಿದ್ದ ದೊಡ್ಡ ಹಾಳೆಯ ಹತ್ತಿರ ಅವಳನ್ನು ಕರೆದುಕೊಂಡು ಹೋದರು. ಬಣ್ಣ ಬಣ್ಣದ ಚೌಕಗಳು. ಬೆರಳು ಇಡಲು ಜಾಗವಿಲ್ಲ.

"ನೋಡು. ಮಂಗಳವಾರದಿಂದ ಅಡ್ಮಿಶನ್. ಈ ಮಹಡಿ ಪೂರ್ತಿ ಅವರಿಗೆ. ಬುಧವಾರದಿಂದ ಉತ್ತರಪತ್ರಿಕೆ ತಿದ್ದುವವರು ಬರ್ತಾರೆ, ಈ ಕೆಳಗಿನ ಹಾಲ್ ಅವರಿಗೆ. ಪೇಪರ್ ಎಲ್ಲಾ ಕಾಲೇಜಿಗೆ ಒಂದೇ, ಸೋಮವಾರ ಹತ್ತು ಗಂಟೆಗೆ ಸರ್ವರ್‌ನಿಂದ ಇಳೀತದೆ. ನಾನು ಒಬ್ಬಳೇ ಅದನ್ನು ಹಿಡಿದು ನಿಲ್ಲಿಸ್ಲಿಕ್ಕೆ ಆಗ್ತದಾ?"

"ಒಂದs ದಿನ?"

"ಒಂದು ತಾಸೂ ಇಲ್ಲ ರಿಹಾನ." ಅವರು ಅವಳ ಹೆಗಲ ಮೇಲೆ ಕೈ ಇಟ್ಟರು. "ನೀನು ಒಳ್ಳೆ ಟೀಚರ್. ಹದಿನೈದು ವಾರ ಕೊಟ್ಟಿದ್ರೆ ನಿನ್ನಂಥವಳು ಯಾರೂ ಇಲ್ಲ. ಆದ್ರೆ ಇಲ್ಲಿ ಆ ಒಳ್ಳೆತನ ಇಡ್ಲಿಕ್ಕೆ ಜಾಗ ಇಲ್ಲ. ಈಗ ಹೋಗು, ಎಂಟೆಂಟು ಮಾರ್ಕ್ ಆದ್ರೂ ಸಿಗುವ ಹಾಗೆ ಮಾಡು."

ಬಿ ಡಿವಿಜನ್ನಿನ ನೋಟ್ಸಿನ ಕೊನೆಯ ಎಂಟು ಪುಟಗಳನ್ನು ಅವಳು ಅಂದು ಝೆರಾಕ್ಸ್ ಮಾಡಿಸಿದಳು. ಹಂಚಿದಾಗ ತರಗತಿ ಆ ಹಾಳೆಗಳನ್ನೂ ಅವಳನ್ನೂ ಮತ್ತೆ ಮತ್ತೆ ನೋಡಿತು. ಬೆಳಗಿನ ತಿರುಗಿ ಕೊಡುವ ಕೆಲಸ ಇಲ್ಲವೆಂದಳು. ಬೋರ್ಡ್ ತುಂಬ ಬರೆದಳು, ಒರೆಸಿದಳು, ಮತ್ತೆ ಬರೆದಳು. ಇಪ್ಪತ್ಮೂರು ಪೆನ್ನುಗಳು ಏನೂ ಕೇಳದೆ ಓಡಿದವು.

ಶನಿವಾರ, ಐದನೇ ಘಟಕ. ಒಂದು ರಾಶಿಯಿಂದ ಹಿಡಿಯಷ್ಟು ತೆಗೆದು ನೋಡಿ, ಇಡೀ ರಾಶಿಯನ್ನು ಒಪ್ಪಬೇಕೋ ತಿರಸ್ಕರಿಸಬೇಕೋ ಎಂದು ತೀರ್ಮಾನಿಸುವ ವಿದ್ಯೆ. ಗುಳಿಗೆ ಕಂಪನಿಯ ಲ್ಯಾಬಿನಲ್ಲಿ ದಿನಾ ಮಾಡುವ ಕೆಲಸವೇ ಅದು. ಮಹಾದೇವಿಗೆ ಅದನ್ನು ಒಂದು ವಾರ ಕೊಟ್ಟಿದ್ದರೆ ಅವಳೇ ತರಗತಿಗೆ ಕಲಿಸುತ್ತಿದ್ದಳು.

ಮಧ್ಯಾಹ್ನ ಮಹಾದೇವಿ ಕೈ ಎತ್ತಿದಳು. "ಅಕ್ಕೋರ, ಇದು ಹಂಗ್ಯಾಕ ಆಗ್ತದ ಅಂತ ತಿಳೀಲಿಲ್ರಿ."

ರಿಹಾನ ಹನ್ನೆರಡು ದಿನ ಕಾದಿದ್ದು ಇಂಥ ಪ್ರಶ್ನೆಗಾಗಿ. ಗಡಿಯಾರ ನೋಡಿದಳು. ಇನ್ನು ನಲವತ್ತು ನಿಮಿಷ, ಇನ್ನು ನಾಲ್ಕು ಸೂತ್ರ.

"ಈಗ ಬರಕೋ. ಯಾಕ ಅಂತ ಕೇಳಬ್ಯಾಡ."

ಮಹಾದೇವಿ ಕೈ ಇಳಿಸಿದಳು, ಬರೆದುಕೊಂಡಳು.

*

ಫಲಿತಾಂಶ ಜೂನ್ ಹದಿನೈದಕ್ಕೆ ಬಂತು, ಮಳೆಯ ಜೊತೆ. ಬಿ ಡಿವಿಜನ್ನಿನಲ್ಲಿ ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತಾರು ಪಾಸು. ರಿಹಾನಳ ಇಪ್ಪತ್ಮೂರರಲ್ಲಿ ಆರು. ಶ್ರೀಮಂತನಿಂದ ಫೋನಿಗೆ ಒಂದು ಸಂದೇಶ ಬಂದಿತ್ತು: 'ಮ್ಯಾಡಮ್ ಪಾಸ್. 41. ಮೊದಲನೇ ವಾರದಾಗ ಬಿ ನೋಟ್ಸ್ ತಗೊಂಡಿದ್ದೆ. ಸಾರಿ ಮ್ಯಾಡಮ್.'

ಮಹಾದೇವಿಯ ಹೆಸರಿನ ಮುಂದೆ: ಹತ್ತೊಂಬತ್ತು, ಇಪ್ಪತ್ತು, ಹದಿನೆಂಟು, ಒಂಬತ್ತು, ಐದು. ಒಟ್ಟು ಎಪ್ಪತ್ತೊಂದು. ಎರಡೂ ಡಿವಿಜನ್ ಸೇರಿಸಿದರೂ ಅಷ್ಟು ಯಾರಿಗೂ ಬಂದಿರಲಿಲ್ಲ. ಅದರ ಪಕ್ಕದಲ್ಲಿ, ಅನುತ್ತೀರ್ಣ.

ಯಕ್ಷಿತಾಳದನ್ನೂ ಹುಡುಕಿ ನೋಡಿದಳು. ಹತ್ತು, ಒಂಬತ್ತು, ಎಂಟು, ಒಂಬತ್ತು, ಎಂಟು. ನಲವತ್ತನಾಲ್ಕು. ಉತ್ತೀರ್ಣ.

ಗುಣಮಟ್ಟ ಕಾಯಲೆಂದು ಮಾಡಿದ ಆ ನಿಯಮದಲ್ಲಿ ಮರುಪರೀಕ್ಷೆ ಇರಲಿಲ್ಲ. ಮುಂದಿನ ಅವಕಾಶ ಡಿಸೆಂಬರಿನಲ್ಲಿ. ರಿಹಾನ ಕೌನ್ಸಿಲ್ಲಿಗೆ ಪತ್ರ ಬರೆದಳು, ತಪ್ಪು ತನ್ನದೆಂದು ಹೆಸರು ಹಾಕಿ ಸಹಿ ಮಾಡಿ. 'ಪರಿಶೀಲಿಸಲಾಗುವುದು' ಎಂಬ ಒಂದು ಸಾಲು ಬಂತು. ಐದು ಹೊತ್ತಿನ ನಮಾಜಿನ ದುವಾದಲ್ಲೂ ಆ ಇಪ್ಪತ್ಮೂರು ಹೆಸರುಗಳನ್ನು ಹಾಜರಿ ಪುಸ್ತಕದ ಕ್ರಮದಲ್ಲಿಯೇ ಹೇಳಿಕೊಂಡಳು. ಅಲ್ಲಾಹ್ ಕೇಳುತ್ತಾನೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆದರೆ ಒಂಬತ್ತನೆಯ ಹೆಸರಿಗೆ, ಮಹಾದೇವಿಯದಕ್ಕೆ, ಬಂದಾಗ ಪ್ರತಿಸಲವೂ ನಾಲಿಗೆ ನಿಂತುಬಿಡುತ್ತಿತ್ತು. ಫೋನ್ ಮಾಡಿದರೆ ಮಹಾದೇವಿ ಎತ್ತುತ್ತಿರಲಿಲ್ಲ.

ಜೂನ್ ಕೊನೆಯ ದಿನ ಅವಳು ಗುಳಿಗೆ ಕಂಪನಿಯ ಗೇಟಿಗೆ ಹೋದಳು. ಜೋಗೇಶ್ವರಿಯಲ್ಲೇ, ಅವಳ ಚಾಳಿನಿಂದ ಹತ್ತು ನಿಮಿಷದ ದಾರಿ. ಮೊದಲ ಪಾಳಿ ಮೂರಕ್ಕೆ ಬಿಡುತ್ತದೆ. ತಗಡಿನ ಮಾಡಿನ ಕೆಳಗೆ ಚಹಾದವನ ಸ್ಟೋವಿನ ಪಕ್ಕ ನಿಂತಳು. ಹೆಂಗಸರು ಗುಂಪು ಗುಂಪಾಗಿ ಕೊಡೆ ಬಿಚ್ಚುತ್ತ ಹೊರಬಿದ್ದರು. ಮಹಾದೇವಿ ಅವಳನ್ನು ಕಂಡು ಒಂದು ಹೆಜ್ಜೆ ಹಿಂದಾದಳು, ಆಮೇಲೆ ಹತ್ತಿರ ಬಂದಳು.

"ಇಷ್ಟ ಮಳಿಯಾಗ ಯಾಕ ಬರ್ಲಿಕ್ ಹೋದ್ರಿ ಮ್ಯಾಡಮ್? ಚಾ ತಗೋತೀರೇನು?"

"ಬ್ಯಾಡವ್ವ. ಹೆಂಗಿದ್ದಿ?"

"ಇದ್ದೀನಿ. ನಿಂತೀನಿ." ಮಹಾದೇವಿ ತನ್ನ ಮಾತಿಗೆ ತಾನೇ ನಕ್ಕಂತೆ ಮಾಡಿದಳು. "ಯಕ್ಷಿತಾ ಹ್ವಾದ ವಾರ ಲ್ಯಾಬಿಗಿ ಹೋದ್ಳು. ಬಿಳಿ ಕೋಟ್ ಕೊಟ್ಟಾರ. ಛಲೋ ಹುಡುಗಿ, ಆಕಿದೇನು ತಪ್ಪಿಲ್ಲ. ಊಟದ ಹೊತ್ತಿನ್ಯಾಗ ಬಂದು ನನಗs ಕೇಳ್ತಾಳ್ರಿ, ಮಹಾದೇವಿ, ಈ ಡೆವಿಯೇಶನ್ ಅಂದ್ರ ಏನs ಅಂತ."

"ಹೇಳಿದ್ಯಾ?"

"ಹೇಳಿದ್ನಿ. ಬರ್ತದಲ್ಲ."

ಮಳೆ ತಗಡಿನ ಮೇಲೆ ಜೋರಾಯಿತು. ಚಹಾದವನು ಸ್ಟೋವನ್ನು ಒಳಕ್ಕೆ ಎಳೆದುಕೊಂಡ. ರಿಹಾನ ಮನೆಯಿಂದ ಹತ್ತು ಸಲ ಹೇಳಿಕೊಂಡು ಬಂದಿದ್ದ ಮಾತನ್ನು ಹೊರಗೆ ತೆಗೆದಳು.

"ನನ್ನ ತಪ್ಪು ಮಹಾದೇವಿ. ಎಲ್ಲಾ ನಂದs. ಶೀಲಾವತಿ ಮೇಡಂ ಮೊದಲನೇ ದಿನಾನs ಹೇಳಿದ್ರು, ನಾ ಕೇಳಲಿಲ್ಲ."

"ನೀವೇನು ಬೇಕಂತ ಮಾಡಿದ್ರೇನು? ಬಿಡ್ರಿ."

"ಬಿಡಾಕ ಬಂದಿಲ್ಲ. ಡಿಸೆಂಬರಕ್ಕ ಐದ ತಿಂಗಳ ಐತಿ. ಎರಡs ಘಟಕ ಉಳಿದಾವ. ದಿನಾ ಒಂದ ತಾಸ ಬರ್ತೇನಿ. ನಿನ್ನ ಖೋಲಿಗೇ ಬರ್ತೇನಿ. ಇಲ್ಲಂದ್ರ ನೀ ನಮ್ಮನಿಗಿ ಬಾ, ಅಮ್ಮಾ ಇರ್ತಾಳ. ಪಾಳಿ ಯಾವುದಾರ ಇರ್ಲಿ, ನಿನ್ನ ಟೈಮಿಗೆ ನಾ ಹೊಂದ್ಕೋತೇನಿ. ಯಾಕ ಹಂಗಾಗ್ತೈತಿ ಅಂತ ಕೇಳಿದ್ದಿ ನೋಡು, ಅದನ್ನ ಪೂರಾ ಹೇಳ್ತೇನಿ."

ಮಹಾದೇವಿ ಕೊಡೆಯ ತುದಿಯಿಂದ ಇಳಿಯುವ ನೀರನ್ನು ನೋಡುತ್ತಿದ್ದಳು. ಮಾತಾಡಿದಾಗ ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಪರೀಕ್ಷಾದಾಗ ಏನಾತು ಗೊತ್ತೇನ್ರಿ? ಮೊದಲನೇ ಮೂರ ಪ್ರಶ್ನಿ ನೋಡಿ ಭಾಳ ಖುಷಿ ಆತು. ಎಲ್ಲಾ ಬರ್ತದ. ನಿಮಗ ತಿರುಗಿ ಕೊಟ್ಟಂಗs ಬರೀಕೋತ ಕುಂತೆ. ಯಾಕ ಅಂತ, ಹೆಂಗ ಅಂತ, ಎಲ್ಲಾ. ತಲಿ ಎತ್ತಿ ನೋಡಿದ್ರ ಎರಡೂವರಿ ತಾಸ ಹೋಗಿತ್ತು. ಅರ್ಧ ತಾಸ ಇತ್ತು. ನಾಕನೇದು ಹೆಂಗೋ ಬರ್ದೆ. ಐದನೇದ್ರಾಗ ಯಕ್ಷಿತಾ ಬಾಯಿಪಾಠ ಮಾಡಿದ್ದು ಬರ್ದು ಎಂಟು ತಗೊಂಡ್ಳು. ನನಗ ಬರ್ಯಾಕ ಕೈ ಬರಲಿಲ್ಲ. ತಿಳೀದs ಇದ್ದದ್ದನ್ನ ಬರ್ಯೋದು ಮರ್ತs ಹೋಗಿತ್ರಿ."

ರಿಹಾನ ಕೇಳಿದಳು. ಕಿವಿಗೊಟ್ಟು ಕೇಳುವುದೊಂದೇ ಅವಳಿಗೆ ಬರುತ್ತಿದ್ದ ಕೆಲಸ.

"ಮೊದಲ ನನಗ ಅದು ಬರ್ತಿತ್ತು," ಎಂದಳು ಮಹಾದೇವಿ. "ತಿಳೀದs ಬರ್ದು ಬರ್ದs ಹದಿನಾಕ ಪೇಪರ್ ಪಾಸಾಗಿದ್ನಿ."

"ಹಂಗನಬ್ಯಾಡವ್ವ. ಒಂದ ಸಲ ಬಾ. ಐತವಾರ ಒಂದs ತಾಸು. ನಿನಗ ಕೈ ಮುಗೀತೇನಿ."

ರಿಹಾನ ನಿಜವಾಗಿಯೂ ಕೈ ಮುಗಿದಳು. ಗೇಟಿನ ಬಳಿ ಇಬ್ಬರು ಹೆಂಗಸರು ನಿಂತು ನೋಡಿದರು. ಮಹಾದೇವಿ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಅವಳ ಬೆರಳ ತುದಿಗಳು ಹಾಗೆಯೇ ಒರಟಾಗಿದ್ದವು.

"ಇಲ್ರಿ ಮ್ಯಾಡಮ್. ಬ್ಯಾಡ. ಡಿಸೆಂಬರಕ್ಕ ಬರೀತೀನೋ ಬಿಡ್ತೀನೋ ಗೊತ್ತಿಲ್ಲ. ನಿಮ್ಮ ಕಡಿ ಮಾತ್ರ ನಾ ಇನ್ನ ಕಲಿಯಾಂಗಿಲ್ಲ."